ಇಳೀರಿ, ಹಂಪ್ ಬಂತು

ಬೆಳಿಗ್ಗೆ ಹಾಲು ಕಾಯುವ ಮೊದಲೇ ಕನ್ನಡಕದಣ್ಣ ಚಾಪೆ ಹಾಸಿಕೊಂಡು ಕಾರಿನ ಮೂತಿಯ ಕೆಳಗೆ ತೂರಿಕೊಂಡಿದ್ದ. ಎರಡು ಕಾಲು ಮಾತ್ರ ಹೊರಗೆ. ದಾರಿಹೋಕರು ಗಾಬರಿಯಾಗಬಾರದೆಂದು ಅವನ ತಾಯಿ ಬಾಗಿಲಲ್ಲಿ ಕೂತು, "ಜೀವ ಇದೆ, ಜೀವ ಇದೆ, ಹೋಗಿ," ಎಂದು ಕೈಬೀಸಿ ಕಳಿಸುತ್ತಿದ್ದಳು.

"ಅಮ್ಮ, ಟಾರ್ಚ್ ಕೊಡು. ಹೊಸ ಗೀರು ಬಿದ್ದಂಗಿದೆ."

"ಎಲ್ಲಿ, ನಿನ್ನ ಹಣೆಬರಹದ ಮೇಲಾ?"

"ಬಂಪರ್ ಕೆಳಗಡೆ."

"ಕೆಳಗಡೆ ಬಿದ್ದಿದ್ದು ಯಾರಿಗೆ ಕಾಣುತ್ತೋ? ಇರುವೆಗಳು ನೋಡಿ ಆಡ್ಕೊಂಡು ನಗ್ತಾವಾ?"

ಅವನದು ಕನ್ನಡಕದ ಅಂಗಡಿ. ದಿನವಿಡೀ ಗಾಜು ಒರೆಸುವುದು, ಬೆಳಕಿಗೆ ಹಿಡಿದು ಗೀರು ಹುಡುಕುವುದು. ಗೀರು ಬಿದ್ದ ಗಾಜನ್ನು ಗಿರಾಕಿ ಕೈಯಲ್ಲೂ ಮುಟ್ಟುವುದಿಲ್ಲ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹಾವಿನಂತೆ ಹರಿಯುವ ಈ ಕಾರು ಕೊಂಡ ಮೇಲೆ ಅಂಗಡಿಯ ಆ ಭಯ ಮನೆಗೂ ಬಂದು ಮಂಚ ಏರಿತ್ತು. ರಸ್ತೆಯ ಹಂಪುಗಳೋ, ಒಂದೊಂದೂ ಒಂದೊಂದು ಬೆಟ್ಟ. ತುದಿಯಲ್ಲಿ ನಿಂತರೆ ಸುತ್ತಲಿನ ಮೂರು ಊರು ಕಾಣುತ್ತಿತ್ತು.

ಬಂಪರಿನ ಅಡಿ ಉಜ್ಜದಿರಲೆಂದು ಮೊದಲು ದಪ್ಪ ರಬ್ಬರ್ ಪಟ್ಟಿ ಅಂಟಿಸಿದ. ಸವೆದರೆ ರಬ್ಬರ್ ಸವೆಯಲಿ, ಬಂಪರ್ ಉಳಿಯಲಿ ಎಂದು. ಮಾರನೆಯ ದಿನ ಆ ರಬ್ಬರಿನ ಮೇಲೆ ಬಿಳಿ ಗೆರೆ ಕಂಡು ಊಟ ಬಿಟ್ಟ. ಆಗ ಹೊಳೆದದ್ದು ಹೊಸ ಉಪಾಯ: ಒಳಗೆ ಭಾರ ಕಡಿಮೆಯಾದರೆ ಕಾರು ಒಂದು ಬೆರಳಷ್ಟು ಮೇಲೇಳುತ್ತದೆ. ಅಂದಿನಿಂದ ಹಂಪ್ ಬಂದಲ್ಲೆಲ್ಲ "ಇಳೀರಿ" ಎನ್ನುತ್ತಿದ್ದ. ತಾಯಿ, ಹೆಂಡತಿ ಇಳಿದು, ನಡೆದು ದಾಟಿ, ಆಚೆ ಕಡೆ ಮತ್ತೆ ಹತ್ತಬೇಕು.

"ಬಂಪರ್ ಕಾಯೋಕೆ ರಬ್ಬರ್, ರಬ್ಬರ್ ಕಾಯೋಕೆ ನಾವು," ಎನ್ನುವಳು ತಾಯಿ. "ಮನೆಯಿಂದ ನಡ್ಕೊಂಡೇ ಹೊರಟಿದ್ರೆ ಇಷ್ಟೊತ್ತಿಗೆ ಹೋಗಿ ವಾಪಸ್ ಬಂದು ಒಂದು ನಿದ್ದೆ ಮುಗಿಸಿರ್ತಿದ್ವಿ."

ತಾಯಿಗೆ ಬಾಯಿಯಿತ್ತು, ಆಡಿ ಹಗುರಾಗುತ್ತಿದ್ದಳು. ಹೆಂಡತಿಗೆ ಮಂಡಿ ನೋವು. ಅಂಗಡಿಯ ಮೆಟ್ಟಿಲಿಂದ ಜಾರಿ ಮಂಡಿಚಿಪ್ಪು ಒಡೆದಿತ್ತು; ಡಾಕ್ಟರು ತಂತಿ ಕಟ್ಟಿ ಕೂಡಿಸಿದ್ದರು. ವಾರವಾರ ಆಸ್ಪತ್ರೆಗೆ ಬಂದು ಮಡಚುವ ವ್ಯಾಯಾಮ ಮಾಡಿಸದಿದ್ದರೆ ಕಾಲು ಕೋಲಿನಂತೆ ಸೆಟೆದೇ ಉಳಿದೀತು ಎಂದಿದ್ದರು. ಆಸ್ಪತ್ರೆಯ ಬಾಗಿಲಿಗೆ ಹೋಗಲು ಕಡಿದಾದ ಏರು. ಮೊದಲ ಸಲ ಅವನು ಅವಳನ್ನು ಗೇಟಿನಲ್ಲೇ ಇಳಿಸಿದ. ಕೋಲೂರಿಕೊಂಡು ಹತ್ತಿದಳು. ಮುಂದಿನ ವಾರ ತಾನೇ, "ನೀವು ಅಂಗಡಿ ನೋಡ್ಕೊಳ್ಳಿ, ನಾನು ಆಟೋದಲ್ಲಿ ಹೋಗಿ ಬರ್ತೀನಿ," ಎಂದಳು. ಅವನಿಗೆ ನೆಮ್ಮದಿ. ಎಷ್ಟು ಹಂಪು ತಪ್ಪಿತು!

ಒಂದು ಮಧ್ಯಾಹ್ನ ಅಂಗಡಿಗೆ ವ್ಯಾಯಾಮದ ಡಾಕ್ಟರಮ್ಮನ ಫೋನ್ ಬಂತು.

"ನಿಮ್ಮ ಮನೆಯವರು ಯಾಕೆ ಬರ್ತಾ ಇಲ್ಲ?"

"ಬರ್ತಿದಾಳಲ್ಲ ಮೇಡಂ, ಆಟೋದಲ್ಲಿ."

"ಯಾವ ಆಟೋ? ಒಂದೇ ಸಲ ಬಂದಿದ್ದು. ಈಗಾಗ್ಲೇ ತಡ ಆಗಿದೆ. ಇನ್ನೂ ಬಿಟ್ರೆ ಆ ಮಂಡಿ ಮಡಚೋದನ್ನ ಮರೆತುಬಿಡಿ."

ಆ ಗಡಿಬಿಡಿಯಲ್ಲಿ ಅವನು ಗಿರಾಕಿಯ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿ ಕೊಟ್ಟು, ಬಾಗಿಲೆಳೆದು ಮನೆಗೆ ಓಡಿದ. ಹೆಂಡತಿ ಕಾಲು ನೀಡಿಕೊಂಡು ಬಟ್ಟೆ ಮಡಚುತ್ತಿದ್ದಳು.

"ಯಾಕೆ ಸುಳ್ಳು ಹೇಳ್ದೆ?"

ಅವಳು ತಲೆಯೆತ್ತಲಿಲ್ಲ. "ಹೋಗೋಕೆ ಮನಸ್ಸಾಗ್ಲಿಲ್ಲ ರೀ."

"ಮನಸ್ಸಾಗ್ಲಿಲ್ಲ ಅಂದ್ರೆ? ಕಾಲು ಹೋಗುತ್ತೆ!"

"ಅವತ್ತು ಗೇಟಲ್ಲಿ ಇಳಿಸಿದ್ರಲ್ಲ. ಅರ್ಧ ಏರು ಹತ್ತಿ ಸುಸ್ತಾಗಿ ತಿರುಗಿ ನೋಡಿದೆ, ಕೈ ಹಿಡಿಯೋಕೆ ಬರ್ತೀರೇನೋ ಅಂತ. ನೀವು ಬಗ್ಗಿ ಬಂಪರ್ ಸವರ್ತಾ ಇದ್ರಿ. ಇಷ್ಟೇ ಬೆಲೆಯ ಕಾಲಿಗೆ ವ್ಯಾಯಾಮ ಬೇರೆ ಯಾಕೆ ಅನ್ನಿಸ್ತು."

ಅವನು ಕೀಲಿಕೈ ಎತ್ತಿಕೊಂಡ, ಇಟ್ಟ, ಮತ್ತೆ ಎತ್ತಿಕೊಂಡ. "ಚಿಕ್ಕಂದಿನಿಂದ ಬೇರೆಯವ್ರು ಉಟ್ಟು ಬಿಟ್ಟ ಬಟ್ಟೆ, ಓದಿ ಹರಿದ ಪುಸ್ತಕ. ನನ್ನ ಜೀವನದಲ್ಲಿ ಗೀರಿಲ್ಲದೆ ಕೈಗೆ ಬಂದಿದ್ದು ಅಂದ್ರೆ ಅದೊಂದೇ ಕಾರು ಕಣೇ. ಅಷ್ಟೂ ಆಸೆ ಇರಬಾರದಾ?"

"ಇರ್ಲಿ ರೀ. ನಾನು ಬೇಡ ಅಂದ್ನಾ? ಕೇಳಿದಾಗೆಲ್ಲ ಇಳಿದೆ."

ತಾಯಿ ಏನೋ ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಅವಳ ಬಾಯಿ ತಾನಾಗಿ ಮುಚ್ಚಿದ್ದು ಹುಟ್ಟಿದಾರಭ್ಯ ಅದೇ ಮೊದಲು. ಅವನು ಕೋಣೆಯಲ್ಲಿ ಗಾಣದ ಎತ್ತಿನಂತೆ ಸುತ್ತಿದ. ಆಮೇಲೆ ಹೆಂಡತಿಯ ಚಪ್ಪಲಿ ತಂದು ಅವಳ ಮುಂದಿಟ್ಟ.

"ಏಳು. ಈಗ್ಲೇ ಹೋಗೋಣ."

ಮೂವರೂ ಹೊರಟರು. ಮೊದಲ ಹಂಪ್ ಬಂದಾಗ ಹೆಂಡತಿಯ ಕೈ ತಾನಾಗಿ ಬಾಗಿಲಿಗೆ ಹೋಯಿತು. ಹಿಂದೆ ತಾಯಿ ಆಗಲೇ ಒಂದು ಕಾಲು ಹೊರಗಿಟ್ಟಿದ್ದಳು.

"ಬಾಗಿಲು ಹಾಕ್ಕೊಳ್ಳಿ," ಎಂದ.

ಕರ್ರ್ ಎಂದಿತು. ಅವನ ಭುಜ ಕಿವಿಯವರೆಗೆ ಏರಿತು, ಇಳಿಯಲಿಲ್ಲ.

"ರೀ, ಮುಂದಿನದಕ್ಕೆ ಇಳೀತೀನಿ, ಪರವಾಗಿಲ್ಲ."

"ಬೇಡ."

"ಮಗನೇ, ನಾನಾದ್ರೂ ಇಳೀಲಾ? ನಂದೊಬ್ಬಳದೇ ಲಾರಿ ಲೋಡು."

"ಕೂತ್ಕೋ ಅಮ್ಮ!"

ಹಂಪ್ ಬಂದಾಗೆಲ್ಲ ಹಲ್ಲು ಕಚ್ಚಿದ. ಬೆವರು ಕಣ್ಣಿಗೆ ಇಳಿಯಿತು. ಆಸ್ಪತ್ರೆಯ ಗೇಟಿನಲ್ಲಿ ಒಂದು ಕ್ಷಣ ಕಾರು ನಿಂತಿತು. ಹೆಂಡತಿ ಅವನ ಮುಖ ನೋಡಿದಳು. ಅವನು ಏರನ್ನೇ ನೋಡುತ್ತಾ ಮುಂದಕ್ಕೆ ಬಿಟ್ಟ. ಬಂಪರಿನ ಅಡಿ ಸಿಮೆಂಟಿಗೆ ಉಜ್ಜಿದ ಸದ್ದಿಗೆ ಒಳಗೆ ಮಲಗಿದ್ದ ರೋಗಿಗಳೆಲ್ಲ ಎದ್ದು ಕೂತಿರಬೇಕು.

ವಾಚ್‌ಮನ್ ಓಡಿ ಬಂದ. "ಸಾರ್, ಸಾರ್! ಮುಂದೆ ಏನೋ ಕಿತ್ಕೊಂಡು ನೇತಾಡ್ತಾ ಇದೆ!"

"ರಬ್ಬರ್ ಪಟ್ಟಿ. ಅದರ ಕೆಲಸ ಅದು ಮಾಡಿದೆ ಬಿಡಿ," ಎಂದ. "ಒಂದು ಗಾಲಿಕುರ್ಚಿ ತನ್ನಿ."

ಕಾರಿನ ಮುಂದುಗಡೆಯಿಂದ ಬಂದರೆ ಗೀರು ಕಣ್ಣಿಗೆ ಬೀಳುತ್ತದೆಂದು ಹಿಂದುಗಡೆಯಿಂದ ಸುತ್ತಿ ಬಂದು ಅವಳ ಬಾಗಿಲು ತೆಗೆದ. ಕೂತು, ಅವಳ ಹಿಮ್ಮಡಿಯನ್ನು ಎರಡೂ ಅಂಗೈಯಲ್ಲಿ ಹಿಡಿದು, ಕಾಲನ್ನು ಮೆಲ್ಲಗೆ ಹೊರಗಿಳಿಸಿದ.

"ನೋಯ್ತಾ?"

"ಹೂಂ," ಎಂದಳು ಅವಳು, ಎಷ್ಟೋ ದಿನಕ್ಕೆ ನಿಜ ಹೇಳುತ್ತಾ. ಆಮೇಲೆ ಅವನ ಭುಜದ ಮೇಲೆ ಕೈಯಿಟ್ಟು, ತನ್ನ ಪೂರ್ತಿ ಭಾರ ಹಾಕಿ ಎದ್ದಳು.