ಬಸ್ ಎಲ್ಲದ, ಹಂಪಣ್ಣ?

ಮಸರಕಲ್ ಊರಿನ ಹಂಪಣ್ಣ ತೀರಿಕೊಂಡ ಸುದ್ದಿ ಬೆಳಿಗ್ಗೆ ನಮ್ಮ ‘ಬಸ್ ಎಲ್ಲದ?’ ವಾಟ್ಸಾಪ್ ಗುಂಪಿಗೆ ಬಂತು. ಚಾದಂಗಡಿ ಕಟ್ಟಿ ಮ್ಯಾಲ ಕುಂತು, ಯಾವ ಬಸ್ ಬಂತು, ಯಾವುದು ಕೆಟ್ಟು ನಿಂತದ ಅಂತ ದಿನಾ ಗುಂಪಿಗೆ ಹಾಕಾಂವ ಅಂವನ. ಬಸ್ ಮಾತು ಬಿಟ್ಟು ಹೂವಿನ ಚಿತ್ರ ಹಾಕಿದವರನ್ನ ಮುಲಾಜಿಲ್ಲದ ಹೊರಗ ಹಾಕ್ತಿದ್ದ. ನನ್ನ ನಾಕು ಸಲ ಹಾಕ್ಯಾನ.

ಅಂವನ ಮಣ್ಣಿಗೆ ಹೋಗಾಕ ನಾವು ಹದಿನೆಂಟು ಮಂದಿ ದೇವದುರ್ಗ ಬಸ್‌ಸ್ಟ್ಯಾಂಡಿನ್ಯಾಗ ನಿಂತ್ವಿ. ಮಾನ್ವಿ, ರಾಯಚೂರಿನ ಮಂದಿ ಗುಂಪಿನ ತುಂಬ ಗುಲಾಬಿ ಚಿತ್ರ ಸುರುವಾಕತ್ತಿದ್ರು. ಬಸ್ ಎಲ್ಲದ ಅಂತ ಹೇಳಾಕ ಮಾತ್ರ ಒಬ್ಬಾಂವಗೂ ಬಾಯಿಲ್ಲ! ಅರ್ಧ ತಾಸು ಕಾದು ನನಗ ಸಿಟ್ಟು ನೆತ್ತಿಗೇರಿತು. ರೂಢಿ ನೋಡ್ರಿ, ಸಿಟ್ಟಿನ್ಯಾಗ ನಾನ ‘ಹಂಪಣ್ಣಾ, ಬಸ್ ಎಲ್ಲದ?’ ಅಂತ ಹಾಕಿಬಿಟ್ಟೆ.

ಗುಲಾಬಿ ನಿಂತವು. ಹಂಪಣ್ಣನ ನಂಬರಿನಿಂದ ಒಂದು ವಾಯ್ಸ್ ಮೆಸೇಜ್ ಬಂತು! ಹದಿನೆಂಟೂ ಮಂದಿ ಒಬ್ಬರ ಕೈ ಒಬ್ಬರು ಹಿಡಕೊಂಡ್ವಿ. ಒತ್ತಿದರ, ಅಂವನ ಹೆಂಡ್ತಿ ಗದ್ದೆಮ್ಮನ ದನಿ:

“ಯಪ್ಪಾ, ಬಸ್ ಈಗ ಮಸರಕಲ್ ಬಿಟ್ಟು ನಿಮ್ಮ ಕಡೀ ಬರಾಕತ್ತದ. ಅದ ಬಸ್ ಹೊಳ್ಳಿ ಇಲ್ಲಿಗೆ ಬರ್ತದ. ನೀವು ಬರೂತನ ಮಣ್ಣು ತಡದೀವಿ. ಚಿತ್ರ ಹಾಕಿದವರನ್ನೆಲ್ಲ ಗುಂಪಿನಿಂದ ತಗದೀನಿ. ಖರೇ ಹೂವು ತಗೊಂಡು ಬಸ್ ಹತ್ರಿ.”