ಭೀಮಣ್ಣನ ಪಿಕಪ್ಪಿಗೆ ಎಷ್ಟು ಎತ್ತರ ಬೇಕು?

ಯೆರವಡಾದ ನಮ್ಮ ಓಣಿಯಲ್ಲಿ ಭೀಮಣ್ಣನ ಪಿಕಪ್ ಗಾಡಿಯನ್ನು ಗುರುತಿಸದವರಿಲ್ಲ. ಸ್ಲ್ಯಾಬ್ ಹಾಕುವಾಗ ಕೆಳಗೆ ಜೋಡಿಸುವ ಕಬ್ಬಿಣದ ಸೆಂಟ್ರಿಂಗ್ ಪ್ಲೇಟುಗಳನ್ನು ಹೊತ್ತು ಅದು ದಿನವೂ ತಿರುಗುತ್ತದೆ. ಈ ಸಲ ಕೆಲಸ ಸಿಕ್ಕಿದ್ದು ಮುಳಶಿ ಕಡೆಯ ಗುಡ್ಡದ ಮೇಲೆ, ಒಂದು ಬಂಗಲೆಗೆ. ಅಲ್ಲಿಗೆ ಡಾಂಬರಿಲ್ಲ. ಕಲ್ಲು, ಕೊರಕಲು, ಒಂದು ಬದಿಗೆ ಕಣಿವೆ. ಎರಡು ಸಲ ಹೋಗಿ ಬರುವಷ್ಟರಲ್ಲಿ ಗಾಡಿಯ ಹೊಟ್ಟೆ ಕಲ್ಲಿಗೆ ತಾಗಿ ಉಜ್ಜಿಹೋಯಿತು. ಮಳೆ ಹಿಡಿಯುವುದರೊಳಗೆ ಸ್ಲ್ಯಾಬ್ ಆಗಬೇಕು ಎಂದು ಬಂಗಲೆ ಕಟ್ಟಿಸುವ ಸಾಹೇಬರ ಫೋನು ದಿನಕ್ಕೆ ನಾಲ್ಕು ಸಲ.

ಶನಿವಾರ ಭೀಮಣ್ಣ ಗಾಡಿಯನ್ನು ಎತ್ತರ ಮಾಡಿಸಿಯೇ ಬಿಟ್ಟ. ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟಿಗೆ ಗ್ಯಾರೇಜಿನವರು ಪಾಟಾ ಅನ್ನುತ್ತಾರೆ. ಹಿಂದಿನ ಆಕ್ಸಲ್ಲಿಗೂ ಆ ಪಾಟಾಕ್ಕೂ ನಡುವೆ ನಾಲ್ಕಿಂಚಿನ ಕಬ್ಬಿಣದ ಬ್ಲಾಕ್ ಇಟ್ಟು ಕೊಟ್ಟರು. ಸೋಮವಾರ ಅದರಲ್ಲೇ ಗುಡ್ಡ ಹತ್ತುವುದು. ಜೊತೆಗೆ ಪ್ಲೇಟು ಇಳಿಸಲು ಹೆಂಡತಿ ತಿಪ್ಪವ್ವ. ಶಾಲೆಗೆ ರಜೆ, ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಮಗಳು ಶೀತಲಳೂ.

ಗ್ಯಾರೇಜಿನಿಂದ ಬರುವಾಗ ತಾಯಿ ಮಗಳು ಕ್ಯಾಬಿನ್ನಿನಲ್ಲೇ ಇದ್ದರು. ಪ್ರತಿ ತಿರುವಿನಲ್ಲೂ ತಿಪ್ಪವ್ವ ಮಗಳ ತೋಳು ಹಿಡಿದುಕೊಂಡಳು.

“ಯಾಕ್ರೀ ಹಿಂಗ ವಾಲ್ತದ ಇದು?”

“ಹೊಸಾದದ, ಕೂಡ್ಕೋತದ. ಬಸ್ಸಿನ್ಯಾಗ ಕೂತಂಗ ಎತ್ತರ ಅದನೋ ಇಲ್ಲೋ ಹೇಳು.”

“ಬಸ್ಸಿನ್ಯಾಗ ನನ್ನ ಎದಿ ಹಿಂಗ ಡವಡವ ಅನ್ನಂಗಿಲ್ಲ.”

ಭಾನುವಾರ ಬೆಳಿಗ್ಗೆ ತಿಪ್ಪವ್ವ ಎದುರುಮನೆಯ ರೇಣುವನ್ನು ಕರೆತಂದಳು. ರೇಣು ಐಟಿಐ ಕಲಿತವಳು. ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ಗಾಡಿಗಳ ಸ್ಪ್ರಿಂಗು, ಕುಲುಕಾಟ ತಡೆಯುವ ಶಾಕಪ್ ಪರೀಕ್ಷಿಸುವ ಕೆಲಸ ಅವಳದು.

ಭೀಮಣ್ಣ ಹಲ್ಲುಜ್ಜುತ್ತಲೇ ನಕ್ಕ. “ಬಾರವ್ವ ಇನ್ಸ್‌ಪೆಕ್ಟರ್. ಸ್ಕೂಟಿ ಹೊಡಿಯೋರು ಈಗ ಪಿಕಪ್ ಪಾಸ್ ಮಾಡ್ತೀರೇನು?”

“ಪಾಸಾದ್ರ ಮಾಡ್ತೀನ್ರಿ ಕಾಕಾ. ಮೊದಲ ಜಾಕ್ ಕೊಡ್ರಿ.”

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ರೇಣು ಜಾಕನ್ನು ಆಕ್ಸಲ್ಲಿಗೆ ಹಚ್ಚದೆ ಗಾಡಿಯ ಚೌಕಟ್ಟಾದ ಚಾಸಿಗೆ ಹಚ್ಚಿ ಎತ್ತಿದಳು. ಆಸರೆಗೆ ಮರದ ದಿಮ್ಮಿಯನ್ನೂ ಇಟ್ಟಳು. ಹಿಂದಿನ ಚಕ್ರ ಕೆಳಗೆ ಜೋತುಬಿತ್ತು.

“ಗುಂಡ್ಯಾಗ ಇಳದಾಗ ಚಕ್ರ ಹಿಂಗೇ ಜೋಲ್ತದ್ರಿ. ಈಗ ಈ ಬ್ರೇಕ್ ಪೈಪಿನ ಮ್ಯಾಗ ಬೆರಳ ಇಡ್ರಿ.”

ಭೀಮಣ್ಣ ಕೈ ಚಾಚಿ ಮುಟ್ಟಿದ. ರಬ್ಬರಿನ ಪೈಪು ಬಟ್ಟೆ ಒಣಹಾಕುವ ತಂತಿಯಂತೆ ಬಿಗಿದಿತ್ತು. ಬೆರಳಿಗೆ ಪಸೆ ಹತ್ತಿತು.

“ತೊಳದಾರ, ನೀರಿರಬೇಕು.”

“ಮೂಸಿ ನೋಡ್ರಿ.”

ಮೂಸಿ ನೋಡಿದ. ಬ್ರೇಕ್ ಆಯಿಲ್.

“ಪೈಪ್ ಹಳೇ ಅಳತೀದು, ಆಕ್ಸಲ್ ನಾಕಿಂಚ ಕೆಳಗ ಹೋಗ್ಯದ. ಇನ್ನೊಂದೆರಡು ಗುಂಡಿ ಇಳಿದಿದ್ರ ಹರೀತಿತ್ತು. ಆಮ್ಯಾಗ ಪೆಡಲ್ ಒತ್ತಿದ್ರ ಏನೂ ಇರಂಗಿಲ್ಲ ಕಾಕಾ.”

ಭೀಮಣ್ಣ ಕ್ಯಾಬಿನ್ನಿನತ್ತ ತಿರುಗಿ ನೋಡಿದ. ನಿನ್ನೆ ಇದೇ ಗಾಡಿಯಲ್ಲಿ ಹೆಂಡತಿ ಮಗಳನ್ನು ಕೂರಿಸಿಕೊಂಡು ಬಂದಿದ್ದ.

“ಉದ್ದ ಪೈಪ್ ಹಾಕಸ್ತೀನಿ. ಅಲ್ಲಿಗೆ ಆತಲ್ಲ?”

“ಎಷ್ಟ ಭಾರ ಹೇರ್ತೀರಿ?”

“ಅರವತ್ತು ಪ್ಲೇಟು.”

“ಕಿಲೋ ಎಷ್ಟ್ರಿ?”

“ಪ್ಲೇಟಂದ್ರ ಪ್ಲೇಟವ್ವ. ನಮ್ಮ ಧಂದೆದಾಗ ಯಾರು ಕಿಲೋ ಕೇಳ್ತಾರ?”

ರೇಣು ಗೋಡೆಗೆ ಒರಗಿಸಿದ್ದ ಪ್ಲೇಟುಗಳತ್ತ ನೋಡಿದಳು. ವರ್ಷಗಟ್ಟಲೆ ಸಿಮೆಂಟು ಮೆತ್ತಿ ಒಣಗಿ, ಅವು ದಪ್ಪಗಾಗಿದ್ದವು. ಪಕ್ಕದ, ಗುಜರಿ ಕೊಳ್ಳುವ ಭಂಗಾರ್ ಅಂಗಡಿಯ ಮನೋಜನ ತಕ್ಕಡಿಗೆ ಹೊಸ ಪ್ಲೇಟು ಒಂದು, ಹಳೆಯದು ಒಂದು ಇಟ್ಟರು. ಹೊಸದು ಹದಿನೆಂಟು ಕಿಲೋ. ಹಳೆಯದು ಇಪ್ಪತ್ನಾಲ್ಕು.

“ಅರವತ್ತಕ್ಕ ಮುನ್ನೂರ ಅರವತ್ತು ಕಿಲೋ ಜಾಸ್ತಿ ಹೊತ್ತೀರಿ. ಆರ್‌ಸಿ ಬುಕ್ಕಿನ್ಯಾಗ ಬರದ ಮಿತಿ ಎಂದೋ ದಾಟ್ಯದ. ಪಾಟಾ ಕುಸದದ್ದು ಅದಕ್ಕ, ಹೊಟ್ಟಿ ಕಲ್ಲಿಗೆ ಬಡದದ್ದೂ ಅದಕ್ಕ. ನೀವು ಅದರ ಮ್ಯಾಗ ಎತ್ತರಾನೂ ಮಾಡೀರಿ. ಭಾರ ಮ್ಯಾಲೆ ಹೋತು, ಗಾಡಿ ವಾಲಾಕ ಹತ್ತೇದ.”

“ಗ್ಯಾರೇಜಿನ್ಯಾಗ ಹೊಡದು ನೋಡೀನಿ. ಬೆಣ್ಣಿ ಹಂಗ ಹೋತು.”

“ಖಾಲಿ ಗಾಡಿ” ಎಂದಳು ತಿಪ್ಪವ್ವ. “ನಿಮ್ಮಪ್ಪ ಎತ್ತು ತರಾಕ ಹೋದ್ರ, ತುಂಬಿದ ಬಂಡಿ ಎಳಸಿ ನೋಡದ ಹಗ್ಗ ಹಿಡೀತಿರಲಿಲ್ಲ. ನೀವು ಖಾಲಿ ಗಾಡಿ ಹೊಡದು ಬೆಣ್ಣಿ ಅಂತ ಬಂದೀರಿ.”

ಭೀಮಣ್ಣ ಕೈ ತೊಳೆದು ಬಂದು, ಸಣ್ಣ ದನಿಯಲ್ಲಿ ಕೇಳಿದ, “ಹಂಗಾರ ಏನ್ ಹಾಕಸ್ಲಿ?”

“ಬ್ಲಾಕ್ ತಗಸ್ರಿ. ನಿಮ್ಮ ಭಾರಕ್ಕ ತಕ್ಕ ಹೊಸ ಪಾಟಾ, ಅದಕ್ಕ ಹೊಂದೋ ಶಾಕಪ್, ಎರಡೂ ಕೂಡೇ ಹಾಕಸ್ರಿ. ಪಾಟಾ ಒಂದು ಅಳತಿ, ಶಾಕಪ್ ಒಂದು ಅಳತಿ ಆಗಬಾರದು. ಒಂದೆರಡು ಇಂಚ ಎತ್ತರ ತಾನಾಗೇ ಬರ್ತದ, ಅಷ್ಟ ಸಾಕು. ಅದಕ್ಕೂ ಮೊದಲ ಆರ್‌ಟಿಓದಾಗ, ವಿಮೆದವ್ರ ಹತ್ರ ಕೇಳ್ರಿ.”

“ಗಟ್ಟಿ ಪಾಟಾ ಹಾಕಿದ್ರ ಅರವತ್ತೂ ಹೇರಬಹುದಲ್ಲ?”

“ಇಲ್ರಿ. ಪಾಟಾ ಗಟ್ಟಿಯಾದ್ರ ಬ್ರೇಕು, ಟೈರು ಗಟ್ಟಿ ಆಗ್ತಾವೇನು? ಸಿಮೆಂಟ್ ಕೆರದು, ಅರ್ಧರ್ಧ ಮಾಡಿ ಎರಡು ಖೇಪ ಒಯ್ರಿ.”

“ನಾಳಿ ಹೋಗಲಿಲ್ಲಂದ್ರ ಸಾಹೇಬ್ ಬ್ಯಾರೇದವನ್ನ ಕರೀತಾನ.”

ತಿಪ್ಪವ್ವ ಕೊಡ ಕೆಳಗಿಟ್ಟಳು. “ಶೀತಲ್ ಬರಂಗಿಲ್ಲ. ನಾನೂ ಬರಂಗಿಲ್ಲ.” ಮತ್ತೆ ಗಂಡನತ್ತ ತಿರುಗಿ, “ನೀವೂ ಹೋಗಂಗಿಲ್ಲ” ಅಂದಳು.

ಭೀಮಣ್ಣ ಫೋನು ತೆಗೆದುಕೊಂಡು ಓಣಿಯ ತುದಿಗೆ ನಡೆದ. “ಸಾಹೇಬ್, ಉದ್ಯಾ ಗಾಡೀ ಯೇಣಾರ್ ನಾಹೀ. ಬ್ರೇಕ್ ಖರಾಬ್ ಆಹೇ.” ನಾಳೆ ಗಾಡಿ ಬರುವುದಿಲ್ಲ, ಬ್ರೇಕ್ ಕೆಟ್ಟಿದೆ ಎಂದು ಮರಾಠಿಯಲ್ಲಿ ಹೇಳಿದ. ಆ ಕಡೆಯವರು ಏನಂದರೋ, ಅದನ್ನು ಅವನು ಮನೆಯಲ್ಲಿ ಹೇಳಲಿಲ್ಲ.

ಅರ್ಧ ಕೆಲಸ ಬೇರೆಯವರ ಪಾಲಾಯಿತು. ಆರ್‌ಟಿಓದಲ್ಲಿ, ವಿಮೆಯವರಲ್ಲಿ ಕೇಳಿ, ಬ್ಲಾಕ್ ತೆಗೆಸಿ, ಹೊಸ ಪಾಟಾ, ಶಾಕಪ್, ಬ್ರೇಕ್ ಪೈಪು ಹಾಕಿಸಿಕೊಂಡು ಉಳಿದರ್ಧಕ್ಕೆ ಗುರುವಾರ ಭೀಮಣ್ಣ ಹೋದ, ಕೆರೆದು ಹಗುರ ಮಾಡಿದ ಮೂವತ್ತು ಪ್ಲೇಟು ಹೇರಿಕೊಂಡು. ಮೊದಲ ಖೇಪಿಗೆ ರೇಣುವಿನ ಮಾತಿನಂತೆ ಒಬ್ಬನೇ ಹೋಗಿ, ನಿಧಾನವಾಗಿ ಏರಿಸಿ ಇಳಿಸಿ ನೋಡಿದ. ಹೊಟ್ಟೆ ತಾಗಲಿಲ್ಲ. ಗುಡ್ಡದ ಮೇಲಿಂದ ಮನೆಗೆ ಫೋನು ಮಾಡಿ, “ಎರಡನೇ ಖೇಪಿಗೆ ತಯಾರಾಗ್ರಿ, ಇಬ್ರೂ” ಅಂದ.

ಕೆಟ್ಟ ದಾರಿಗೆ ಗಾಡಿ ಒಯ್ಯುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಗಾಡಿ ಎಷ್ಟು ಎತ್ತರ ಕಾಣುತ್ತದೆ ಎಂದು ನೋಡಿ ಸಸ್ಪೆನ್ಶನ್ ಕೊಳ್ಳಬೇಡಿ. ನೀವು ದಿನವೂ ಹೇರುವ ಭಾರವನ್ನು ಒಮ್ಮೆ ತೂಗಿಸಿ, ಆ ಅಂಕಿಯನ್ನು ಅಂಗಡಿಯವರಿಗೆ ಹೇಳಿ. ಹಾಕಿಸಿದ ಮೇಲೆ ಬ್ರೇಕ್ ಪೈಪು ನೋಡಿ. ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ. ಐನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿಸಿ. ತಿಳಿಯದಿದ್ದರೆ ಕೇಳಿ. ಕೇಳಿದ್ದಕ್ಕೆ ನಗುವ ಗ್ಯಾರೇಜಾದರೆ, ಅಲ್ಲಿ ಗಾಡಿ ಬಿಡಬೇಡಿ.