ಬಡಿದರೆ ತಿರುಗಿ ಬಡಿಯಬೇಕು

ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿದೆ ಎಂದು ಬಂದ ದಿನವೇ ನನ್ನ ಮರ್ಯಾದೆ ಮೂರಾಬಟ್ಟೆಯಾಯಿತು. ನಾನು ಗಾರೆ ಕೆಲಸದವನು. ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ, ಕರಣೆ ಹಿಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ನಮ್ಮ ಮೇಸ್ತ್ರಿ ಬೇರೆ ಯಾರೂ ಅಲ್ಲ, ನನ್ನ ಹೆಂಡತಿಯ ತಮ್ಮ. ಎಲ್ಲರೆದುರು ಹೇಳಿದ: "ಕುಣಿಯಲಾರದವರು ನೆಲ ಡೊಂಕು ಅಂದ್ರಂತೆ. ಭಾವ, ಮೂಳೆ ಗಟ್ಟಿ ಇದ್ಯಂತಲ್ಲ, ಇನ್ನೆಲ್ಲಿ ನೋವು?" ಛಾವಣಿ ಕೆಲಸಕ್ಕೆ ಇನ್ನು ಬೇರೆಯವನನ್ನು ಹತ್ತಿಸುತ್ತೇನೆ, ನೀವು ಕೆಳಗೆ ಸಿಮೆಂಟ್ ಚೀಲ ಕಾಯುತ್ತ ಕೂತಿರಿ ಎಂದೂ ಅಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಮೂಳೆ ಡಾಕ್ಟರು ಮಾತ್ರ ನಂಬಿದರು. ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ಮೂಳೆಗೆ ಅಂಟಿಕೊಂಡ ನಾರು ಹರಿದಿದ್ದರೆ ಎಂಆರ್‌ಐನಲ್ಲೇ ಕಾಣಬೇಕು ಎಂದು ಅಲ್ಲಿಗೆ ಕಳಿಸಿದರು.

ಸ್ಕ್ಯಾನ್ ಮಾಡುವ ಹೆಂಗಸು ನನ್ನನ್ನು ಯಂತ್ರದೊಳಗೆ ಮಲಗಿಸಿ, ಭುಜ ಅಲುಗಾಡಬಾರದು ಎಂದು ಹೇಳಿ ಗಾಜಿನಾಚೆ ಹೋದಳು. ಟಕ್ ಟಕ್ ಟಕ್ ಎಂದು ಸದ್ದು ಶುರುವಾಯಿತು. ಎಡವಟ್ಟಾದದ್ದು ಅಲ್ಲೇ. ನಮ್ಮ ಕೆಲಸದಲ್ಲಿ ಹತ್ತಿ ನಿಲ್ಲಲು ಕಟ್ಟಿದ ಸಾರುವೆಯ ಪೈಪನ್ನು ಕೆಳಗಿನವರು ಬಡಿದರೆ ಮೇಲೆ ನಿಂತು ಕೆಲಸ ಮಾಡುವವನು ತಿರುಗಿ ಬಡಿಯಲೇಬೇಕು. ಬಡಿಯದಿದ್ದರೆ ಆಸಾಮಿ ಬಿದ್ದ ಎಂದು ಎಲ್ಲರೂ ಓಡಿಬರುತ್ತಾರೆ. ಯಂತ್ರ ಬಡಿದಾಗಲೆಲ್ಲ ನನ್ನ ಬಲಗೈ ತಾನಾಗಿಯೇ ಪಕ್ಕಕ್ಕೆ ತಟ್ಟಿತು. ಚಿತ್ರವೆಲ್ಲ ಕಲಸಿಹೋಯಿತು. ಮತ್ತೊಮ್ಮೆ ಮಾಡಿದರೂ ಅದೇ ಕಥೆ. ಬರಿಗೈಯಲ್ಲಿ ಹೋದರೆ ಸ್ಕ್ಯಾನಿನಲ್ಲೂ ಏನಿಲ್ಲವಂತೆ ಎಂದು ಮೇಸ್ತ್ರಿ ಡಂಗುರ ಹೊಡೆಯುತ್ತಾನೆ. ಬಡಿದರೆ ತಿರುಗಿ ಬಡಿಯದೆ ಇರುವುದು ಹೇಗೆ ಎಂದು ನಾನು ಯಂತ್ರಕ್ಕೂ ಬೈದೆ, ಆ ಹೆಂಗಸಿಗೂ ಬೈದೆ.

ಹೊರಗೆ ಕಾಯುತ್ತಿದ್ದ ಹೆಂಡತಿ ಬಾಗಿಲಿಗೆ ಬಂದು ಕೇಳಿಸಿಕೊಂಡಳು. "ರೀ, ಬಾಯಿ ಮುಚ್ಚಿ. ಬಡಿದದ್ದಕ್ಕೆ ಉತ್ತರ ಕೊಡ್ಬೇಕು, ಅಷ್ಟೇ ತಾನೆ? ನಾನು ಕೊಡ್ತೀನಿ."

ಅವಳ ಮೈಯಲ್ಲಿ ಕಬ್ಬಿಣಗಿಬ್ಬಿಣ ಇಲ್ಲವೆಂದು ಕೇಳಿ ತಿಳಿದು, ಬಳೆ, ಹೇರ್‌ಪಿನ್ನು ಬಿಚ್ಚಿಸಿ, ಕಿವಿಗೆ ಸದ್ದು ತಡೆಯುವ ಬೆಣೆ ಕೊಟ್ಟು ಒಳಗೆ ಬಿಟ್ಟರು. ನನ್ನ ಕಾಲ ಬಳಿ ಕೂತು ಹೆಬ್ಬೆರಳು ಹಿಡಿದಳು. ಯಂತ್ರ ಬಡಿದಂತೆಲ್ಲ ಬೆರಳು ಒತ್ತಿದಳು. ಉತ್ತರ ಹೋಗುತ್ತಿದೆ ಎಂದು ಗೊತ್ತಾಗಿದ್ದೇ ತಡ, ಕೈ ಒಣಗಿದ ಗಾರೆಯ ಹಾಗೆ ಕೂತುಬಿಟ್ಟಿತು.

ಡಾಕ್ಟರ ಹತ್ತಿರ ಹೋಗುವಾಗ ಮೇಸ್ತ್ರಿಯನ್ನೂ ಎಳೆದುಕೊಂಡು ಹೋದೆ. ಪರದೆಯ ಮೇಲೆ ಕಪ್ಪು ನಾರೊಂದು ಮೂಳೆಯಿಂದ ಕಿತ್ತು ಹಿಂದೆ ಸರಿದಿತ್ತು. ನಡುವಿನ ಬಿರುಕಿನಲ್ಲಿ ಬೆಳ್ಳಗೆ ನೀರು ತುಂಬಿತ್ತು. ಇಷ್ಟು ಹರಿದುಕೊಂಡು ಇಷ್ಟು ದಿನ ಹೇಗೆ ಕೆಲಸ ಮಾಡಿದಿರಿ ಎಂದು ಡಾಕ್ಟರು ಕೇಳಿದರು. ನಾನು ಮೇಸ್ತ್ರಿಯ ಮುಖ ನೋಡಿದೆ.

ಅವನು ತಲೆ ಕೆರೆದುಕೊಂಡ. "ತಪ್ಪಾಯ್ತು ಭಾವ. ಹೊಲಿಸ್ಕೊಂಡು ಬನ್ನಿ. ಛಾವಣಿ ನಿಮ್ಮದೇ."

ಹೊಲಿಸಿಕೊಂಡೆ. ತಿಂಗಳುಗಟ್ಟಲೆ ಬೈಯುತ್ತಲೇ ವ್ಯಾಯಾಮ ಮಾಡಿದೆ. ಮೊನ್ನೆ ಹೊಸ ಕಟ್ಟಡದ ಸಾರುವೆ ಹತ್ತಿ, ತಲೆಯ ಮೇಲಿನ ಛಾವಣಿಗೆ ಈ ಗೋಡೆಯಿಂದ ಆ ಗೋಡೆಯವರೆಗೆ ಗಾರೆ ಎಳೆದೆ. ಕೆಳಗಿನಿಂದ ಮೇಸ್ತ್ರಿ ಪೈಪು ಬಡಿದ. ಬಲಗೈ ನೆತ್ತಿಯ ಮೇಲೆತ್ತಿ, ಕರಣೆಯ ಹಿಡಿಯಿಂದ ಸಾರುವೆಯ ಪೈಪಿಗೆ, ಇಡೀ ಕಟ್ಟಡ ಗುಂಯ್ ಎನ್ನುವ ಹಾಗೆ ತಿರುಗಿ ಬಡಿದೆ.